ಮಾತು ಮುಗಿದ ಮೇಲೂ ಜೊತೆಗಿರುವುದು

ನನ್ನನ್ನು ಅತ್ಯಂತ ಚೆನ್ನಾಗಿ ಬಲ್ಲವರು ಯಾರು ಎಂದು ಇಪ್ಪತ್ತರ ಆಸುಪಾಸಿನಲ್ಲಿ ಯಾರಾದರೂ ಕೇಳಿದ್ದರೆ, ಒಮ್ಮೆಯೂ ಕಣ್ಣಾರೆ ಕಾಣದವರ ಹೆಸರುಗಳನ್ನೇ ನಾನು ಹೇಳಬೇಕಾಗುತ್ತಿತ್ತು. ಶಾಲೆ ಮುಗಿಸುವ ಹೊತ್ತಿಗೆ, ಬರೆದದ್ದನ್ನು ಪರಸ್ಪರ ಓದಿ ತಿದ್ದಿಕೊಳ್ಳುವ ಒಂದು ಸಣ್ಣ ಗುಂಪಿಗೆ ಅಂತರ್ಜಾಲದ ಮೂಲಕ ಸೇರಿಕೊಂಡಿದ್ದೆ. ಮೊದಮೊದಲು ಕತೆ, ಕವಿತೆಗಳ ತಿದ್ದುಪಡಿಗಷ್ಟೇ ಸೀಮಿತವಾಗಿದ್ದ ಮಾತು ಕ್ರಮೇಣ ಮನೆಯ ಜಗಳ, ಪರೀಕ್ಷೆಯ ಭಯ, ಮುರಿದುಹೋದ ಪ್ರೀತಿ, ನಿದ್ದೆ ಬಾರದ ರಾತ್ರಿಗಳವರೆಗೆ ಹರಡಿಕೊಂಡಿತು. ಅಜ್ಜ ತೀರಿಕೊಂಡ ರಾತ್ರಿ ಮನೆಯವರೆಲ್ಲ ಅವರವರ ದುಃಖದಲ್ಲಿ ಮುಳುಗಿದ್ದಾಗ, ಬೆಳಗಿನ ಜಾವದವರೆಗೆ ನನಗೆ ಉತ್ತರ ಬರೆಯುತ್ತ ಎಚ್ಚರವಿದ್ದವರು ಇವರೇ. ಆದರೂ ಮನೆಯಲ್ಲಿ ಅವರನ್ನು ‘ಫೋನಿನ ಗೆಳತಿಯರು’ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವಹೇಳನವೇನೂ ಇರಲಿಲ್ಲ. ಆದರೆ ಫೋನನ್ನು ಕೆಳಗಿಟ್ಟ ಕೂಡಲೇ ಇಲ್ಲವಾಗಿಬಿಡುವವರು ಎಂಬ ಧ್ವನಿ ಇತ್ತು, ಅದು ನನಗೆ ನೋವುಂಟುಮಾಡುತ್ತಿತ್ತು.

ಪದವಿ ಮುಗಿದು ಕೆಲಸಕ್ಕೆ ಸೇರುವ ನಡುವಿನ ಬಿಡುವಿನಲ್ಲಿ, ಅವರನ್ನೆಲ್ಲ ಅವರವರ ಊರಿಗೇ ಹೋಗಿ ನೋಡಿಬರುತ್ತೇನೆ, ಕಾರನ್ನು ಒಬ್ಬಳೇ ಓಡಿಸಿಕೊಂಡು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಬಸ್ಸು, ರೈಲುಗಳಲ್ಲೂ ಹೋಗಬಹುದಿತ್ತು. ಕಾರೇ ಆಗಬೇಕು ಎಂದು ನಾನು ಪಟ್ಟು ಹಿಡಿದದ್ದರ ಹಿಂದೆ ಒಂದು ಆಸೆಯೂ ಒಂದು ಎಚ್ಚರವೂ ಇದ್ದವು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ತಿರುವನ್ನು ಹಿಡಿಯಬೇಕು ಎಂಬುದನ್ನು ಬೇರೆ ಯಾರೂ ತೀರ್ಮಾನಿಸದ ಕೆಲವು ದಿನಗಳು ನನಗೆ ಬೇಕಾಗಿದ್ದವು, ಅದು ಆಸೆ. ಯಾವ ಮನೆಯಿಂದಲಾದರೂ, ಯಾವ ಹೊತ್ತಿನಲ್ಲಾದರೂ, ಯಾರನ್ನೂ ಕಾಯದೆ ಎದ್ದು ಹೊರಡುವುದಕ್ಕೆ ಕೀಲಿ ನನ್ನ ಕೈಯಲ್ಲಿಯೇ ಇರಬೇಕಾಗಿತ್ತು; ಅದು ಎಚ್ಚರ. ಹೊರಡುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಅಪರಿಚಿತ ಮನೆಯೊಂದರಲ್ಲಿ ನಿಶ್ಚಿಂತೆಯಿಂದ ಉಳಿಯುವುದು ಸಾಧ್ಯ ಎಂದು ಈಗಲೂ ನಂಬಿದ್ದೇನೆ.

ಅಪ್ಪ ಏಕೆ ಎಂದು ಕೇಳಲಿಲ್ಲ, ಯಾವ ರಸ್ತೆ ಎಂದು ಕೇಳಿದರು. ಅಮ್ಮನ ಪ್ರಶ್ನೆ ಬೇರೆಯಾಗಿತ್ತು: “ಅವರು ಹೇಳಿಕೊಂಡ ಹಾಗೇ ಇದ್ದಾರೆ ಅಂತ ನಿನಗೆ ಹೇಗೆ ಗೊತ್ತು?” ಈ ಪ್ರಶ್ನೆಯನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಭಾವನೆಯ ಉತ್ತರ ಸಾಲದು, ವ್ಯವಸ್ಥೆಯ ಉತ್ತರ ಬೇಕು. ಹೊರಡುವ ಮುನ್ನ ಪ್ರತಿಯೊಬ್ಬರೊಡನೆಯೂ ಮುಖ ಕಾಣುವಂತೆ ಮಾತಾಡಿದೆ, ಅವರ ಮನೆಯವರೊಂದಿಗೂ ಮಾತಾಡಿದೆ. ಮೊದಲ ಭೇಟಿ ಜನ ಓಡಾಡುವ ಜಾಗದಲ್ಲಿ, ಹಗಲಿನಲ್ಲಿ ಎಂದು ಎಲ್ಲರಿಗೂ ತಿಳಿಸಿದ್ದೆ. ನಿಜವಾದ ಗೆಳತಿಯರು ಈ ಷರತ್ತಿಗೆ ಬೇಸರಪಡುವುದಿಲ್ಲ, ಬೇಸರಪಡುವವರ ಮನೆಗೆ ಹೋಗಬೇಕಾಗಿಯೂ ಇಲ್ಲ. ನೆಟ್‌ವರ್ಕ್ ಇರುವಷ್ಟು ಹೊತ್ತೂ ನಾನಿರುವ ಜಾಗ ಅಪ್ಪನ ಫೋನಿನಲ್ಲಿ ಕಾಣುವಂತೆ ಮಾಡಿಟ್ಟೆ. ಕರೆ ಮಾಡಿದಾಗ ಒಂದು ನಿರ್ದಿಷ್ಟ ಮಾತನ್ನು ಆಡಿದರೆ ನಾನು ತೊಂದರೆಯಲ್ಲಿದ್ದೇನೆ ಎಂದು ಅರ್ಥ ಎಂಬುದು ನಮ್ಮ ಮೂವರ ನಡುವಿನ ಒಪ್ಪಂದವಾಯಿತು. ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಉಪಗ್ರಹಗಳ ಸಂಕೇತ ಸಿಗುವುದರಿಂದ ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ, ದಾರಿ ಹುಡುಕುವವರಿಗೆ ಇಲ್ಲವಾಗುವುದು ನಕ್ಷೆ ಮಾತ್ರ; ಆದ್ದರಿಂದ ದಾರಿಯುದ್ದದ ನಕ್ಷೆಗಳನ್ನು ಮೊದಲೇ ಇಳಿಸಿಟ್ಟುಕೊಂಡೆ. ಇಷ್ಟೆಲ್ಲ ಆದ ಮೇಲೂ ಅಮ್ಮನ ಮುಖ ತಿಳಿಯಾಗಲಿಲ್ಲ. ಆದರೆ ಬೇಡ ಎಂದೂ ಅವರು ಹೇಳಲಿಲ್ಲ.

ಹೆಣ್ಣೊಬ್ಬಳು ವಾಹನವನ್ನು ತಾನೇ ನಡೆಸಿಕೊಂಡು ದೂರದವರನ್ನು ನೋಡಲು ಹೋಗುವುದಕ್ಕೆ ಕಾರಿನಷ್ಟೇ ಹಳೆಯ ಚರಿತ್ರೆ ಇದೆ ಎಂಬುದನ್ನು ನಾನು ಆ ದಿನಗಳಲ್ಲಿ ಓದಿ ತಿಳಿದುಕೊಂಡೆ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ವಾಹನವನ್ನು ಅವನಿಗೆ ತಿಳಿಸದೆ ಹೊರತೆಗೆದು, ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಸಾಗಿದಳು. ಇಂಧನವನ್ನು ದಾರಿಯಲ್ಲಿ ಔಷಧದ ಅಂಗಡಿಯಲ್ಲಿ ಕೊಂಡಳು; ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಮೋಟಾರು ವಾಹನದ ಮೊತ್ತಮೊದಲ ದೂರ ಪ್ರಯಾಣ ಎಂದು ಜಗತ್ತು ಅದನ್ನು ನೆನೆಯುತ್ತದೆ. ಆದರೆ ಅವಳು ಹೊರಟದ್ದು ತನ್ನ ತಾಯಿಯ ಮನೆಗೆ, ಪ್ರೀತಿಯವರನ್ನು ನೋಡುವುದಕ್ಕೆ.

1909ರಲ್ಲಿ 22 ವರ್ಷದ ಆಲಿಸ್ ರಾಮ್ಸೆ ಕಾರು ಓಡಿಸಲು ಬಾರದ ಮೂವರು ಹೆಂಗಸರನ್ನು ಜೊತೆಗೆ ಕೂರಿಸಿಕೊಂಡು ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ, ಸುಮಾರು 6,100 ಕಿಲೋಮೀಟರ್ ದೂರವನ್ನು 59 ದಿನಗಳಲ್ಲಿ ಕ್ರಮಿಸಿದಳು. ಆ ದಾರಿಯ ಬಹುಭಾಗ ಬರಿಯ ಮಣ್ಣು. ಪಶ್ಚಿಮದ ಕಡೆಗೆ ನಂಬಬಹುದಾದ ನಕ್ಷೆಗಳೇ ಇರಲಿಲ್ಲ. ರಸ್ತೆ ಕವಲೊಡೆದಾಗ ಅವಳು ದೂರವಾಣಿ ಕಂಬಗಳನ್ನು ನೋಡುತ್ತಿದ್ದಳಂತೆ. ಯಾವ ಕಡೆಯ ಕಂಬಗಳಲ್ಲಿ ಹೆಚ್ಚು ತಂತಿಗಳಿವೆಯೋ ಆ ಕಡೆಗೆ ಊರಿರಬೇಕು ಎಂಬ ಲೆಕ್ಕ. ಈ ವಿವರವನ್ನು ಓದಿದಾಗ ನನಗೆ ಆದ ಸಂತೋಷವನ್ನು ಹೇಳಲಾರೆ. ಮಾತನ್ನು ಹೊತ್ತೊಯ್ಯುವ ತಂತಿಯನ್ನೇ ಹಿಡಿದು ಮನುಷ್ಯರಿರುವ ಕಡೆಗೆ ಹೋಗುವುದು: ನಾನು ಹೊರಟಿದ್ದ ಕೆಲಸವೂ ಅದೇ ಆಗಿತ್ತು.

ನಮ್ಮ ಭಾಷೆಗೆ ಈ ಚಿತ್ರ ಇನ್ನೂ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯನ್ನು ಬಿಟ್ಟು ಒಬ್ಬಳೇ ನಡೆದು ಕಲ್ಯಾಣದ ಶರಣರ ಬಳಿಗೆ ಹೋದಳು, ಅಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳನ್ನು ಎದುರಿಸಿದಳು ಎಂದು ಪರಂಪರೆ ಹೇಳುತ್ತದೆ. ಅವಳ ಹುಡುಕಾಟದ ಎತ್ತರಕ್ಕೂ ನನ್ನ ಸಣ್ಣ ಪ್ರಯಾಣಕ್ಕೂ ಹೋಲಿಕೆ ಇಲ್ಲ ಎಂಬುದು ನನಗೆ ಗೊತ್ತು. ಆದರೆ ಹುಟ್ಟಿದ ಮನೆಯಲ್ಲಿ ಸಿಗದ ಸಹಬಾಳ್ವೆಯನ್ನು, ತನ್ನ ಮಾತನ್ನು ಅರ್ಥಮಾಡಿಕೊಳ್ಳಬಲ್ಲವರ ಸಂಗವನ್ನು ಹುಡುಕಿಕೊಂಡು ಹೆಣ್ಣೊಬ್ಬಳು ರಸ್ತೆಗೆ ಇಳಿಯಬಹುದು ಎಂಬ ಧೈರ್ಯ ಕನ್ನಡ ಓದಿದ ನನ್ನಂಥವಳಿಗೆ ಬಂದದ್ದು ಅಲ್ಲಿಂದಲೇ. ಸೌದಿ ಅರೇಬಿಯಾದ ಹೆಂಗಸರಿಗೆ ಕಾರು ಓಡಿಸುವ ಹಕ್ಕು ದೊರೆತದ್ದು 2018ರ ಜೂನ್‌ನಲ್ಲಿ. ಎಂದರೆ ಸ್ಟೀರಿಂಗ್ ಹಿಂದೆ ಒಬ್ಬಳೇ ಕೂರುವುದು ಎಲ್ಲರಿಗೂ ಸಹಜವಾಗಿ ದಕ್ಕಿದ ಸಂಗತಿಯಲ್ಲ. ಆ ಸೀಟನ್ನು ನಾನು ಹಗುರವಾಗಿ ಕಾಣಲಾರೆ.

ಊರು ದಾಟಿ ಹೆದ್ದಾರಿಗೆ ಸೇರಿದ ಮೇಲೆ ಮೊದಲು ಅನುಭವಕ್ಕೆ ಬಂದದ್ದು ಕಾರಿನೊಳಗಿನ ನಿಶ್ಶಬ್ದ. ಫೋನು ದಾರಿ ತೋರಿಸುವುದಕ್ಕೆ ಮಾತ್ರ ಮೀಸಲಾಗಿತ್ತು. ಸಂದೇಶಗಳ ಸದ್ದನ್ನು ನಿಲ್ಲಿಸಿದ್ದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದೊಂದು ಸೆಕೆಂಡಿಗೂ ಸುಮಾರು 28 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಒಂದು ಸಂದೇಶವನ್ನು ಓದುವಷ್ಟರಲ್ಲಿ ನೂರು ಮೀಟರ್ ರಸ್ತೆಯನ್ನು ಕಣ್ಣುಮುಚ್ಚಿ ದಾಟಿದಂತೆ. ಹದಿಹರೆಯದ ಉದ್ದಕ್ಕೂ ನನ್ನ ಒಂದೊಂದು ಯೋಚನೆಯೂ ಹುಟ್ಟಿದ ಕೂಡಲೇ ಯಾರಿಗಾದರೂ ತಲುಪಿಬಿಡುತ್ತಿತ್ತು. ನೋಡಿದ್ದನ್ನು ಹೇಳಬೇಕು, ಹೇಳಿದ್ದಕ್ಕೆ ಉತ್ತರ ಬರಬೇಕು, ಆಗಲೇ ಅದು ನಿಜವಾಗಿ ನಡೆದದ್ದು ಎಂಬ ಅಭ್ಯಾಸ. ಈಗ ಬಯಲಿನ ಅಂಚಿನಲ್ಲಿ ಮಳೆಯ ಪರದೆ ಇಳಿಯುವುದನ್ನು ನೋಡಿದರೂ ಹೇಳಲು ಯಾರೂ ಇರಲಿಲ್ಲ. ಮೊದಲ ದಿನ ಅದು ಸಂಕಟವೆನಿಸಿತು. ಆಮೇಲೆ, ಯೋಚನೆಯೊಂದು ಯಾರಿಗೂ ತಲುಪದೆ ನನ್ನೊಳಗೇ ಸುತ್ತಿ, ಬಲಿತು, ಮೊದಲಿದ್ದದ್ದಕ್ಕಿಂತ ಬೇರೆಯೇ ಆಗುವುದನ್ನು ಗಮನಿಸತೊಡಗಿದೆ. ನನ್ನ ಅಭಿಪ್ರಾಯಗಳೆಂದು ನಾನು ತಿಳಿದುಕೊಂಡಿದ್ದವುಗಳಲ್ಲಿ ಎಷ್ಟೋ ನನ್ನ ಗುಂಪಿನವರ ಅಭಿಪ್ರಾಯಗಳು ಎಂಬುದು ಸ್ಪಷ್ಟವಾದದ್ದು ಆ ಸೀಟಿನಲ್ಲಿ ಕೂತು.

ಒಬ್ಬಳೇ ಓಡಿಸುವಾಗ ಆಯಾಸವನ್ನು ಎಣಿಕೆಗೆ ತೆಗೆದುಕೊಳ್ಳಲೇಬೇಕು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟಿದ್ದರು. ಬೆಳಗಿನ ಜಾವದಲ್ಲಿಯೂ ಮಧ್ಯಾಹ್ನದ ನಂತರವೂ ದೇಹ ತಾನಾಗಿ ಜೋಂಪಿಗೆ ಜಾರುತ್ತದೆ. ಪಕ್ಕದಲ್ಲಿ ಮಾತಾಡಿಸುವವರಿಲ್ಲದಿದ್ದರೆ ಆ ಜಾರುವಿಕೆ ಅರಿವಿಗೆ ಬರುವುದೇ ಇಲ್ಲ. ಎರಡು ಗಂಟೆಗೊಮ್ಮೆ ಇಳಿದು ನಡೆಯುವುದು, ಕತ್ತಲಾಗುವ ಮುನ್ನ ತಲುಪುವುದು ಎಂದು ನಿಯಮ ಹಾಕಿಕೊಂಡಿದ್ದೆ, ಅದನ್ನು ಮುರಿಯಲಿಲ್ಲ.

ಮರಗಳಿಲ್ಲದ ಉದ್ದನೆಯ ರಸ್ತೆಯೊಂದರಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಸ್ಟೀರಿಂಗ್ ಸ್ವಲ್ಪ ಎಳೆದಂತಾಗಿ, ಹಿಂಭಾಗ ತೂಗಿದಂತಾಗಿ, ಆಮೇಲೆ ರಬ್ಬರು ಪಟಪಟನೆ ಬಡಿಯುವ ಸದ್ದು ಕೇಳಿಸಿತು. ನಿಧಾನವಾಗಿ ರಸ್ತೆಯ ಅಂಚಿನ ಗಟ್ಟಿ ನೆಲಕ್ಕೆ ತಂದು, ಹಜಾರ್ಡ್ ದೀಪ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿಟ್ಟು ಬಂದೆ. ಎದುರಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಕಾರನ್ನು ಜ್ಯಾಕಿನಿಂದ ಎತ್ತುವ ಮುನ್ನವೇ ನಟ್ಟುಗಳನ್ನು ಸಡಿಲಿಸಿಕೊಳ್ಳಬೇಕು, ಎತ್ತಿದ ಮೇಲಾದರೆ ಚಕ್ರವೇ ತಿರುಗಿಬಿಡುತ್ತದೆ ಎಂದು ಅಪ್ಪ ಹೊರಡುವ ಹಿಂದಿನ ವಾರ ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ್ದರು. ಒಂದು ನಟ್ಟು ಮಾತ್ರ ಏನು ಮಾಡಿದರೂ ಅಲುಗಲಿಲ್ಲ. ಸ್ಪ್ಯಾನರಿನ ತುದಿಗೆ ಪಾದವಿಟ್ಟು, ಕಾರಿನ ಮಾಡನ್ನು ಹಿಡಿದುಕೊಂಡು ಇಡೀ ಮೈಭಾರ ಹಾಕಿದಾಗ ಕಿರ್ರನೆ ಸದ್ದು ಮಾಡಿ ಬಿಟ್ಟುಕೊಟ್ಟಿತು. ಸ್ಟೆಪ್ನಿ ಕೂರಿಸಿ, ನಟ್ಟುಗಳನ್ನು ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿಮಾಡಿ, ಜ್ಯಾಕನ್ನು ಇಳಿಸಿ ಮತ್ತೊಮ್ಮೆ ಬಿಗಿಮಾಡಿದೆ. ಅಂಗೈಯೆಲ್ಲ ಕಪ್ಪಾಗಿತ್ತು. ನೀರಿನ ಬಾಟಲಿಯಿಂದ ಕೈ ತೊಳೆದುಕೊಳ್ಳುವಾಗ, ಈ ಸಂಗತಿಯನ್ನು ಯಾರಿಗೂ ತಕ್ಷಣ ಹೇಳಬೇಕೆಂದು ನನಗೆ ಅನಿಸಲಿಲ್ಲ. ಅದೇ ನನಗೆ ಹೊಸದಾಗಿತ್ತು.

ಮೊದಲು ಭೇಟಿಯಾದ ಗೆಳತಿ ನಮ್ಮ ಗುಂಪಿನ ಅತ್ಯಂತ ಚುರುಕು ಲೇಖನಿ. ವಾದಕ್ಕೆ ನಿಂತರೆ ಅವಳ ಒಂದು ಸಾಲಿಗೆ ನಾವು ಹತ್ತು ಸಾಲು ಬರೆದು ಸೋಲುತ್ತಿದ್ದೆವು. ಅವಳ ಊರಿನ ಗ್ರಂಥಾಲಯದ ಮೆಟ್ಟಿಲ ಬಳಿ ಭೇಟಿಯಾಗುವುದೆಂದು ಮಾತಾಗಿತ್ತು. ನಾನು ಕಂಡದ್ದು ತೆಳುವಾದ, ಎತ್ತರದ, ದುಪಟ್ಟದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಹುಡುಗಿಯನ್ನು. ಅವಳು ನನ್ನ ಹೆಸರನ್ನು ಹೇಳಲು ಬಾಯಿ ತೆರೆದಳು, ಮೊದಲ ಅಕ್ಷರದಲ್ಲಿಯೇ ತಡೆದು ನಿಂತಳು. ಕತ್ತಿನ ನರ ಬಿಗಿಯಿತು, ಕಣ್ಣುಗಳು ಒಂದು ಕ್ಷಣ ಮುಚ್ಚಿದವು, ಆಮೇಲೆ ಹೆಸರು ಹೊರಬಂತು. ಅವಳಿಗೆ ಉಗ್ಗು ಇದೆ ಎಂಬುದು ನನಗೆ ಗೊತ್ತಿತ್ತು. ಮುಖ ಕಾಣುವ ಕರೆಯಲ್ಲಿ ಅವಳು ಕಡಿಮೆ ಮಾತಾಡಿ, ಹೆಚ್ಚಿನದನ್ನು ಪಕ್ಕದಲ್ಲಿ ಬರೆದೇ ತಿಳಿಸಿದ್ದಳು. ಆದರೆ ಒಂದು ಪದಕ್ಕಾಗಿ ಅವಳು ಪಡುವ ಶ್ರಮದ ಎದುರು ನಿಂತುಕೊಳ್ಳುವುದು ಬೇರೆ. ಪದವನ್ನು ನಾನೇ ಪೂರ್ತಿಮಾಡಿಬಿಡಬೇಕೆಂಬ ಆತುರವನ್ನು ತಡೆದುಕೊಂಡು, ಅವಳ ಮುಖವನ್ನೇ ನೋಡುತ್ತ ಕಾದೆ. ಪರದೆಯ ಮೇಲೆ ಕಾಯುವುದು ಯಾರಿಗೂ ಕಾಣುವುದಿಲ್ಲ. ಎದುರಿಗೆ ನಿಂತಾಗ ಅದು ಕಾಣುತ್ತದೆ, ನಾನು ಕಾದದ್ದನ್ನು ಅವಳು ಕಂಡಳು.

ಬರಹದ ಮೂಲಕ ಬೆಳೆಯುವ ಆಪ್ತತೆಯ ಬಗ್ಗೆ ಜೋಸೆಫ್ ವಾಲ್ಥರ್ ಎಂಬ ಸಂವಹನ ಶಾಸ್ತ್ರಜ್ಞರು 1996ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಬರೆಯುವವರು ತಮ್ಮಲ್ಲಿ ತೋರಿಸಬೇಕಾದ್ದನ್ನು ಮಾತ್ರ ಆರಿಸಿ, ಸಮಯ ತೆಗೆದುಕೊಂಡು ತೋರಿಸುತ್ತಾರೆ; ಓದುವವರು ಉಳಿದ ಖಾಲಿ ಜಾಗವನ್ನು ತಮ್ಮ ಕಲ್ಪನೆಯಿಂದ ಚೆಂದಗೊಳಿಸಿ ತುಂಬಿಕೊಳ್ಳುತ್ತಾರೆ; ಹೀಗಾಗಿ ಆ ಆಪ್ತತೆ ಎದುರುಬದುರಿನ ಸ್ನೇಹಕ್ಕಿಂತಲೂ ತೀವ್ರವಾಗಬಹುದು ಎಂಬುದು ಅದರ ಸಾರಾಂಶ. ಇದು ನಿಜವೆಂದು ನನ್ನ ಅನುಭವವೂ ಹೇಳುತ್ತದೆ. ಆದರೆ ಇದನ್ನು ಓದಿ ಬರಹದ ಗೆಳೆತನವೆಲ್ಲ ಕಲ್ಪನೆ ಎಂಬ ತೀರ್ಮಾನಕ್ಕೆ ಬರುವವರು ಒಂದು ವಿಷಯವನ್ನು ಬಿಟ್ಟುಬಿಡುತ್ತಾರೆ. ಆ ಗೆಳತಿಯ ಚುರುಕುತನ ಅವಳು ಹಾಕಿಕೊಂಡ ವೇಷವಾಗಿರಲಿಲ್ಲ. ನಾಲಿಗೆಯ ಅಡ್ಡಿ ಇಲ್ಲದ ಜಾಗದಲ್ಲಿ ಅವಳ ಬುದ್ಧಿ ತನ್ನ ಸಹಜ ವೇಗದಲ್ಲಿ ಓಡುತ್ತಿತ್ತು. ಅವಳನ್ನು ದಿನವೂ ಕಣ್ಣೆದುರು ಕಾಣುವ ನೆರೆಯವರಿಗೆ ಗೊತ್ತಿಲ್ಲದ ನಿಜವಾದ ಅವಳು ನಮಗೆ ಗೊತ್ತಿದ್ದಳು.

ಹಾಗಾದರೆ ಹೋಗಿ ನೋಡಿದ್ದರಿಂದ ಸಿಕ್ಕಿದ್ದೇನು? ಅವಳ ಮನೆಯಲ್ಲಿ ಎರಡನೆಯ ಸಂಜೆ ಮಾತೆಲ್ಲ ಆಡಿ ಮುಗಿದಿತ್ತು. ಅವಳು ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ರಾಶಿ ಹಾಕಿಕೊಂಡು ಮಡಿಸತೊಡಗಿದಳು. ನಾನು ಎದುರಿಗೆ ಕೂತು ಒಂದೊಂದನ್ನೇ ಎತ್ತಿಕೊಂಡೆ. ದೊಡ್ಡ ಹೊದಿಕೆಯ ಎರಡು ತುದಿ ಅವಳ ಕೈಗೆ, ಎರಡು ತುದಿ ನನ್ನ ಕೈಗೆ. ಹಿಂದಕ್ಕೆ ಸರಿದು ಬಿಗಿಯಾಗಿ ಎಳೆದು, ಮುಂದಕ್ಕೆ ಬಂದು ತುದಿಗಳನ್ನು ಕೂಡಿಸಿ, ಮತ್ತೆ ಹಿಂದಕ್ಕೆ. ರಾಶಿ ಮುಗಿಯುವವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಇಷ್ಟು ವರ್ಷಗಳ ಗೆಳೆತನದಲ್ಲಿ ನಾವು ಒಮ್ಮೆಯೂ ಒಟ್ಟಿಗೆ ಸುಮ್ಮನಿದ್ದದ್ದೇ ಇಲ್ಲವಲ್ಲ ಎಂದು ನನಗೆ ಆಗ ಹೊಳೆಯಿತು. ಅಂತರ್ಜಾಲದಲ್ಲಿ ಸುಮ್ಮನಿರುವುದೆಂದರೆ ಇಲ್ಲದಿರುವುದು. ಬರೆಯುವುದನ್ನು ನಿಲ್ಲಿಸಿದವಳು ನಿದ್ದೆಹೋದಳೋ, ಸಿಟ್ಟಾದಳೋ, ಅಳುತ್ತಿದ್ದಾಳೋ ಎಂದು ಆಚೆಯವಳಿಗೆ ತಿಳಿಯುವುದಿಲ್ಲ. ಆದ್ದರಿಂದ ಇದ್ದೇನೆ ಎಂದು ತೋರಿಸುವುದಕ್ಕಾದರೂ ಏನನ್ನಾದರೂ ಬರೆಯುತ್ತಲೇ ಇರಬೇಕು. ನಮ್ಮ ಗೆಳೆತನದಲ್ಲಿ ಸತ್ಯಕ್ಕೆ ಎಂದೂ ಕೊರತೆ ಇರಲಿಲ್ಲ. ಮಾತು ಮುಗಿದ ಮೇಲಿನ ಹೊತ್ತನ್ನು ಜೊತೆಯಾಗಿ ಕಳೆಯುವ ಅವಕಾಶ ಮಾತ್ರ ಇರಲಿಲ್ಲ.

ಇದು ಇಂದಿನ ತಲೆಮಾರಿಗೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಟೆಲಿಗ್ರಾಫ್ ನೌಕರರು, ಅವರಲ್ಲಿ ಎಷ್ಟೋ ಮಂದಿ ಯುವತಿಯರು, ತಂತಿ ಬಿಡುವಾಗಿದ್ದ ಹೊತ್ತಿನಲ್ಲಿ ಮುಖ ಕಾಣದ ದೂರದ ನೌಕರರೊಂದಿಗೆ ಹರಟೆ ಹೊಡೆಯುತ್ತಿದ್ದರು. ಟೆಲಿಗ್ರಾಫ್ ಕೀಲಿಯನ್ನು ಒತ್ತುವ ಲಯದಿಂದಲೇ ಆಚೆ ಕೂತಿರುವವರು ಯಾರೆಂದು ಗುರುತಿಸುತ್ತಿದ್ದರು. ನಮ್ಮ ಗುಂಪಿನಲ್ಲಿಯೂ ಹಾಗೆಯೇ: ಹೆಸರು ಮುಚ್ಚಿಟ್ಟರೂ ಅಲ್ಪವಿರಾಮ ಹಾಕುವ ರೀತಿಯಿಂದ ಯಾರ ಬರಹವೆಂದು ಹೇಳಬಲ್ಲೆವು.

ನಂತರ ಹೋದದ್ದು ನಮ್ಮೆಲ್ಲರ ಬರಹವನ್ನು ಅತ್ಯಂತ ತಾಳ್ಮೆಯಿಂದ ಓದುತ್ತಿದ್ದವರ ಮನೆಗೆ. ವಯಸ್ಸಿನಲ್ಲಿ ಅವರು ನನ್ನ ಅಜ್ಜಿಗೆ ಹತ್ತಿರ ಎಂಬುದು ಹೊರಡುವ ಮುನ್ನ ಮುಖ ನೋಡಿ ಮಾತಾಡಿದಾಗಲೇ ತಿಳಿದಿತ್ತು. ಅಲ್ಲಿಯವರೆಗೆ ಅವರನ್ನು ನಾವೆಲ್ಲ ಏಕವಚನದಲ್ಲಿಯೇ ಮಾತಾಡಿಸುತ್ತಿದ್ದೆವು. ಬಾಗಿಲಲ್ಲಿ ನಿಂತು ನಾನು “ಹೇಗಿದ್ದೀರಿ?” ಎಂದಾಗ ಅವರು ನನ್ನ ಭುಜ ಹಿಡಿದು, “ಇಷ್ಟು ವರ್ಷ ಜಗಳಾಡಿದವಳು ಈಗ ನೆಂಟರ ಹಾಗೆ ನಿಂತಿದ್ದೀಯಲ್ಲ ಮಗಳೇ, ಒಳಗೆ ಬಾ” ಎಂದರು. ಅವರ ಉತ್ತರಗಳು ಏಕೆ ಯಾವಾಗಲೂ ತಡವಾಗಿ ಬರುತ್ತಿದ್ದವು ಎಂಬುದು ಆ ಮನೆಯಲ್ಲಿ ಅರ್ಥವಾಯಿತು. ಅವರ ದೃಷ್ಟಿಯ ನಡುಭಾಗ ಮಸುಕಾಗುತ್ತ ಬಂದಿತ್ತು. ಪರದೆಯ ಅಕ್ಷರಗಳನ್ನು ಬೆರಳುದ್ದಕ್ಕೆ ಹಿಗ್ಗಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣಿನ ಅಂಚಿನಿಂದ ಒಂದೊಂದು ಪದವನ್ನೂ ಹಿಡಿಯುತ್ತಿದ್ದರು. ನನ್ನ ಹದಿನೇಳನೆಯ ವಯಸ್ಸಿನ ಉದ್ದುದ್ದ ಕತೆಗಳನ್ನೆಲ್ಲ ಅವರು ಓದಿದ್ದು ಹೀಗೆಯೇ. ಇದನ್ನು ಅವರು ಮುಚ್ಚಿಟ್ಟಿರಲಿಲ್ಲ, ನಾವು ಯಾರೂ ಕೇಳಿರಲಿಲ್ಲ ಅಷ್ಟೆ. ಅವರಿಗೆ ನಾನು ಆ ಮಧ್ಯಾಹ್ನ ಅವರದೇ ಹಳೆಯ ಕವಿತೆಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೆಲವೆಡೆ ಅವರು ಕೈಯೆತ್ತಿ ನಿಲ್ಲಿಸಿ ಒಂದು ಪದವನ್ನು ಬದಲಿಸಿ ಮತ್ತೆ ಓದಿಸಿದರು.

ಎಲ್ಲ ಭೇಟಿಗಳೂ ಹೀಗೆ ಇರಲಿಲ್ಲ. ರಾತ್ರಿ ಪಾಳಿಯ ನರ್ಸ್ ಆಗಿದ್ದ ಒಬ್ಬಳು ಬರಹದಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು. ಅವಳ ಬಿಡುವಿನ ನಡುರಾತ್ರಿ ಮತ್ತು ನನ್ನ ನಿದ್ದೆ ಬಾರದ ನಡುರಾತ್ರಿ ಒಂದೇ ಆಗಿದ್ದವು. ಹಗಲಿನಲ್ಲಿ, ಎದುರಿಗೆ ಕೂತಾಗ, ನಮ್ಮಿಬ್ಬರಿಗೂ ಮಾತು ಹೊಂದಲಿಲ್ಲ. ಅವಳು ದಣಿದಿದ್ದಳು, ನನ್ನ ನಗು ಅವಳಿಗೆ ಜೋರೆನಿಸುತ್ತಿತ್ತು, ನಮ್ಮ ಮೌನವೂ ಸರಾಗವಾಗಿರಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ಬೇಗ ಹೊರಟೆ, ಅವಳು ತಡೆಯಲಿಲ್ಲ. ಕಾರಿನಲ್ಲಿ ಕೂತು ಬಹಳ ದೂರದವರೆಗೆ ನನಗೆ ದುಃಖವಾಗುತ್ತಿತ್ತು. ಆದರೆ ಆ ರಾತ್ರಿ ಅವಳ ಪಾಳಿ ಶುರುವಾದ ಮೇಲೆ ಬಂದ ಸಂದೇಶ ಎಂದಿನಂತೆಯೇ ಬೆಚ್ಚಗಿತ್ತು, ನನ್ನ ಉತ್ತರವೂ ಹಾಗೆಯೇ ಇತ್ತು. ಕೆಲವು ಗೆಳೆತನಗಳ ನೆಲೆಯೇ ಬರಹ, ಅವುಗಳನ್ನು ಕೋಣೆಯೊಳಗೆ ತಂದು ಪರೀಕ್ಷಿಸಬೇಕಾಗಿಲ್ಲ, ಅದರಿಂದ ಅವು ಕಡಿಮೆಯೂ ಆಗುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಎಲ್ಲವನ್ನೂ ಒಂದೇ ಅಳತೆಯಿಂದ ಅಳೆಯಬಾರದು ಎಂಬುದು ಪುಸ್ತಕದಲ್ಲಿ ಓದಿದಾಗ ಸುಲಭ. ಆ ಮನೆಯ ಗೇಟು ದಾಟುವಾಗ ಸುಲಭವಾಗಿರಲಿಲ್ಲ.

ಆಲಿಸ್ ರಾಮ್ಸೆ ದಾರಿ ಹಿಡಿದ 1909ರಲ್ಲಿಯೇ ಆರ್ನಾಲ್ಡ್ ವಾನ್ ಗೆನೆಪ್ ಎಂಬ ಮಾನವಶಾಸ್ತ್ರಜ್ಞರು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳಿಗೆ ಮೂರು ಹಂತಗಳಿವೆ ಎಂದು ತೋರಿಸಿದರು: ಇದ್ದಲ್ಲಿಂದ ಬೇರ್ಪಡುವುದು, ಎರಡರ ನಡುವಿನ ಹೊಸ್ತಿಲಿನಲ್ಲಿರುವುದು, ಮರಳಿ ಸೇರಿಕೊಳ್ಳುವುದು. ಹದಿನೆಂಟರಿಂದ ಇಪ್ಪತ್ತೈದರ ನಡುವಿನ ವಯಸ್ಸು ಹದಿಹರೆಯವೂ ಅಲ್ಲದ, ಪೂರ್ಣ ವಯಸ್ಕತನವೂ ಅಲ್ಲದ ಒಂದು ಪ್ರತ್ಯೇಕ ಘಟ್ಟ ಎಂದು ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು. ಒಬ್ಬಳೇ ಮಾಡುವ ಪ್ರಯಾಣದ ಕುರಿತು ಬರೆಯುವವರು ಸಾಮಾನ್ಯವಾಗಿ ಮೊದಲ ಎರಡು ಹಂತಗಳನ್ನೇ ಹಾಡಿ ಹೊಗಳುತ್ತಾರೆ. ಮನೆಯನ್ನು ಬಿಟ್ಟದ್ದು, ರಸ್ತೆಯಲ್ಲಿ ತನ್ನನ್ನು ಕಂಡುಕೊಂಡದ್ದು. ನನಗೆ ಮೂರನೆಯದೇ ಕಷ್ಟದ್ದೂ ಮುಖ್ಯವೂ ಆಗಿತ್ತು. ಏಕೆಂದರೆ ಬದಲಾದವಳನ್ನು ಬದಲಾದವಳೆಂದು ಒಪ್ಪಿಕೊಳ್ಳಬೇಕಾದವರು ಇತರರು, ಅದನ್ನು ಕೇಳಿ ಪಡೆಯಲಾಗುವುದಿಲ್ಲ.

ಮನೆಗೆ ಮರಳಿದ ದಿನ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು, ಬದಲಿಸಿದ ಚಕ್ರದ ನಟ್ಟುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಪರೀಕ್ಷಿಸಿದರು. ಒಂದೂ ತಿರುಗಲಿಲ್ಲ. ಏನೂ ಹೇಳದೆ ಸ್ಪ್ಯಾನರನ್ನು ಡಿಕ್ಕಿಯಲ್ಲಿಟ್ಟರು. ಮುಂದಿನ ವಾರ ಎಲ್ಲರೂ ಹೊರಗೆ ಹೊರಟಾಗ ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು, ದಾರಿಯುದ್ದಕ್ಕೂ ಗೇರು ಬದಲಿಸು ಎಂದಾಗಲಿ ಬ್ರೇಕು ಹಾಕು ಎಂದಾಗಲಿ ಹೇಳಲಿಲ್ಲ. ಅಮ್ಮ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ: “ಆ ಹಿರಿಯರ ಕಣ್ಣನ್ನು ಯಾರು ನೋಡುತ್ತಿದ್ದಾರೆ? ಒಳ್ಳೆಯ ವೈದ್ಯರೇ?” ಕೆಲವು ದಿನಗಳ ನಂತರ ಅಮ್ಮನೇ ಅವರಿಗೆ ಕರೆ ಮಾಡಿದರು. ಈಗ ಅವರಿಬ್ಬರೂ ನನ್ನನ್ನು ಬಿಟ್ಟು ಬಹಳ ಹೊತ್ತು ಮಾತಾಡುತ್ತಾರೆ. ಫೋನಿನ ಗೆಳತಿಯರು ಎಂಬ ಮಾತು ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ಹೆಸರಿದೆ.

ಗ್ರಂಥಾಲಯದ ಮೆಟ್ಟಿಲ ಬಳಿ ಕಂಡ ಗೆಳತಿ ಮತ್ತು ನಾನು ಈಗ ವಾರಕ್ಕೊಮ್ಮೆ ಕರೆ ಮಾಡಿ, ಫೋನನ್ನು ಮೇಜಿನ ಮೇಲಿಟ್ಟು, ನಮ್ಮ ನಮ್ಮ ಕೆಲಸ ಮಾಡಿಕೊಳ್ಳುತ್ತೇವೆ. ಅವಳು ಪುಟ ತಿರುಗಿಸುವ ಸದ್ದು ನನಗೆ ಕೇಳಿಸುತ್ತದೆ, ನನ್ನ ಕೀಲಿಮಣೆಯ ಸದ್ದು ಅವಳಿಗೆ. ಒಟ್ಟಿಗೆ ಬಟ್ಟೆ ಮಡಿಸಿದಷ್ಟು ಅದು ಪೂರ್ಣವಲ್ಲ, ಆದರೆ ಮೊದಲು ನಮಗೆ ಇದೂ ಗೊತ್ತಿರಲಿಲ್ಲ. ಅವಳು ಕಾರು ಕಲಿಯಲು ಸೇರಿದ್ದಾಳೆ. ಪರವಾನಗಿ ಸಿಕ್ಕ ಕೂಡಲೇ ಹಿರಿಯ ಗೆಳತಿಯ ಮನೆಗೆ ಒಬ್ಬಳೇ ಹೋಗುವುದು ಅವಳ ಯೋಜನೆ, ನಾನು ಇನ್ನೊಂದು ಕಡೆಯಿಂದ ಹೊರಟು ಅಲ್ಲಿಗೇ ಬರಬೇಕಂತೆ. ರಸ್ತೆಯಲ್ಲಿ ತೊಂದರೆಯಾದರೆ ಅಪರಿಚಿತರನ್ನು ಮಾತಾಡಿಸಿ ಸಹಾಯ ಕೇಳುವುದು ಹೇಗೆ ಎಂಬುದು ಅವಳ ಆತಂಕ. ವಿಷಯವನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಬಹುದು, ತೋರಿಸಿದರೆ ಸಾಕು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಕಾಗದ ಇಟ್ಟುಕೊಳ್ಳುತ್ತೇನೆ, ಆದರೆ ಮೊದಲು ಬಾಯಿಂದಲೇ ಕೇಳುತ್ತೇನೆ, ಅವರು ಕಾಯಲಿ ಎಂದಳು.